ಮೂವತ್ತನಾಲ್ಕು ಹಕ್ಕಿಗಳ ಹರಕೆ

ನಾನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಹರಕೆ ತೀರಿಸಲೆಂದು ಅವಳು ಒಂದೊಂದಾಗಿ ಹರಸಿ ಬಿಟ್ಟ ಮೂವತ್ತನಾಲ್ಕು ಹಕ್ಕಿಗಳು ಬದುಕಿಕೊಳ್ಳಲಿ ಎಂದು ತಂದವಲ್ಲ — ಬಂದೂಕಿನವರು ಹೊಡೆಯಲಿ ಎಂದೇ ಮರಿಯಿಂದ ಸಾಕಿ ತಂದವು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆಮೇಲೆ ತಿಳಿಯಿತು, ಯಾರೋ ನನ್ನನ್ನೇ ಯಾಮಾರಿಸಿದರು — ಎಂದು ಹೇಳಿ ಜಾರಿಕೊಳ್ಳುವ ದಾರಿಯೂ ನನಗಿಲ್ಲ. ಗೊತ್ತಿದ್ದೂ ಹೇಳಲಿಲ್ಲ. ಹೇಳದೆ ಇದ್ದದ್ದು ಒಂದು ತಪ್ಪಾದರೆ, ಎರಡು ವರ್ಷ ಭಾನುವಾರ ಬಿಡದೆ ಅದಕ್ಕೆ ಬಣ್ಣ ಬಳಿದದ್ದು ಇನ್ನೊಂದು.

ಮತ್ತೊಂದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಆ ಎರಡು ವರ್ಷ ನಾನು ತುಂಬ ಖುಷಿಯಾಗಿದ್ದೆ. ತಪ್ಪು ಮಾಡಿದವನಿಗೆ ಊಟ ಸೇರುವುದಿಲ್ಲ, ಒಳಗೊಳಗೇ ಕೊರಗುತ್ತಾನೆ ಎನ್ನುತ್ತಾರೆ. ನನಗೆ ಊಟ ಚೆನ್ನಾಗಿಯೇ ಸೇರಿತು, ಅದೂ ಅಕ್ಕನ ಕೈಯದೇ ಊಟ. ಈಗ ಬರೆಯುತ್ತಾ ಕುಳಿತಾಗಲೂ ಹಕ್ಕಿ ಬಿಟ್ಟ ಆ ದಿನ ನೆನಪಾದರೆ ಮೊದಲು ಬರುವುದು ನಗು. ನಾಚಿಕೆ ಅದರ ಹಿಂದೆ ಬರುತ್ತದೆ.

ನನ್ನ ಹೆಸರು ಶಶಿಧರ. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಮನೆ ಪಕ್ಕದ ಕ್ವೀನ್ಸ್‌ಬರಿಯಲ್ಲಿ. ಮದುವೆಯ ಗೋಜಿಗೆ ಹೋದವನಲ್ಲ. ನನ್ನವರು ಎಂದರೆ ಹ್ಯಾರೋದಲ್ಲಿರುವ ರತ್ನಕ್ಕ, ಅವಳ ಮಗಳು ಮೇಘನಾ, ಅಳಿಯ ಕಾರ್ತಿಕ್, ಅಷ್ಟೇ. ಅಕ್ಕ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಭಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಮಗಳ ಜೊತೆ ನೆಲೆಸಿದಳು. ಮೇಘನಾ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು.

ನನ್ನದೊಂದು ಚಾಳಿಯಿದೆ. ಯಾರು ಏನು ಕೇಳಿದರೂ ‘ಆಗಲ್ಲ’, ‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಬಾಳೆ ಎಲೆ ಬೇಕೆ, ಪುರೋಹಿತರು ಬೇಕೆ, ಐವತ್ತು ಜನಕ್ಕಾಗುವ ಇಡ್ಲಿ ಪಾತ್ರೆ ಬೇಕೆ, ಕೌನ್ಸಿಲ್‌ನವರಿಗೆ ಖಾರವಾಗಿ ಒಂದು ಕಾಗದ ಬರೆಯಬೇಕೆ — ಹ್ಯಾರೋ ಸುತ್ತಮುತ್ತಲ ಕನ್ನಡದವರೆಲ್ಲ ಶಶಿಯನ್ನು ಕೇಳಿ ಎನ್ನುತ್ತಾರೆ. ಹಾಗೆ ಕೇಳಿದರೆ ನನ್ನ ಎದೆ ಎರಡಿಂಚು ಉಬ್ಬುತ್ತದೆ. ‘ಆಗಿಹೋಯ್ತು ಅಂದ್ಕೊಳ್ಳಿ’ ಎಂದುಬಿಡುತ್ತೇನೆ. ಆಮೇಲೆ ಓಡಾಡುತ್ತೇನೆ.

ಮೇಘನಾಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗುವಾಯಿತು, ಅದೂ ಎರಡು ತಿಂಗಳು ಮುಂಚೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆಸ್ಪತ್ರೆಗೆ ಓಡಿದಾಗ ಗಾಜಿನ ಪೆಟ್ಟಿಗೆಯೊಳಗೆ, ನನ್ನ ಎರಡು ಅಂಗೈ ಜೋಡಿಸಿದರೆ ಹಿಡಿಯುವಷ್ಟು, ಒಂದು ಹೆಣ್ಣುಮಗು ಮಲಗಿತ್ತು. ಮೂಗಿಗೆ ಕೊಳವೆ, ಕಾಲಿಗೆ ತಂತಿ. ಅಕ್ಕ ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ಮಾತುಮಾತಿಗೂ ದೇವರು ದಿಂಡರು ಎನ್ನುವವಳಲ್ಲ. ಪಂಚಾಂಗದಲ್ಲೂ ಲೆಕ್ಕದ ತಪ್ಪು ಹುಡುಕುವವಳು. ಆದರೂ ಅವತ್ತು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು ಹೇಳಿದಳು: “ಇವಳು ಎಷ್ಟು ದಿನ ಆ ಪೆಟ್ಟಿಗೇಲಿ ಇರ್ತಾಳೋ, ಮನೆಗೆ ಬಂದ್ಮೇಲೆ ಅಷ್ಟು ಹಕ್ಕಿ ಬಿಡ್ತೀನಿ ಕಣೋ. ಅಮ್ಮ ಬಿಟ್ಟ ಹಾಗೆ.”

ಅಕ್ಕನಿಗೆ ಏಳು ವರ್ಷವಿದ್ದಾಗ ಟೈಫಾಯಿಡ್ ಬಂದು ವಾಸಿಯಾಗಿತ್ತು. ನಮ್ಮಮ್ಮ ಮಾರ್ಕೆಟ್ಟಿನಿಂದ ಪಂಜರದ ಹಕ್ಕಿಗಳನ್ನು ಕೊಂಡು ತಂದು, ಜ್ವರ ಬಿಟ್ಟ ಮಗಳ ಕೈಯಿಂದಲೇ ಮಹಡಿಯ ಮೇಲಿಂದ ಹಾರಿಬಿಡಿಸಿದ್ದಳಂತೆ. ನಾನಾಗ ಹುಟ್ಟಿರಲಿಲ್ಲ. ಅಕ್ಕ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿ ಪಂಜರ ಹಿಡಿದು ನಿಂತಿದ್ದೆನೋ ಅನ್ನಿಸುತ್ತದೆ.

ಮಗು ಮೂವತ್ತನಾಲ್ಕನೆಯ ದಿನ ಮನೆಗೆ ಬಂತು. ನಾಮಕರಣದ ದಿನ ಅಕ್ಕ ಅದಕ್ಕೆ ಇಂಚರ ಎಂದು ಹೆಸರಿಟ್ಟಳು — ಹಕ್ಕಿಗಳ ಹೆಸರು ಹೇಳಿ ಉಳಿಸಿಕೊಂಡ ಕೂಸಲ್ಲವೇ. ಎಲೆಯ ಮುಂದೆ ಕುಳಿತಿದ್ದ ನನ್ನ ಕಡೆ ತಿರುಗಿ, “ಶಶಿ, ಮಗೂಗೆ ಅನ್ನಪ್ರಾಶನ ಆಗೋದ್ರೊಳಗೆ ಹರಕೆ ತೀರಬೇಕು. ಮೂವತ್ನಾಲ್ಕು ಹಕ್ಕಿ. ಆಗುತ್ತಾ?” ಎಂದಳು.

ಆಗಿಹೋಯ್ತು ಅಂದ್ಕೋ, ಎಂದೆ.

ಮರುದಿನದಿಂದ ಓಡಾಟ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಮೂವತ್ತನಾಲ್ಕು ಪುಟ್ಟ ಗಿಳಿ ಬೇಕೆಂದಾಗ ಅಲ್ಲಿಯ ಹುಡುಗಿಯ ಮುಖ ಅರಳಿತು. ಯಾತಕ್ಕೆ ಎಂದು ಹೇಳಿದಾಗ ಬಾಡಿತು. ಹೊರಗೆ ಬಿಟ್ಟರೆ ಈ ಚಳಿಗೆ ಒಂದೇ ದಿನಕ್ಕೆ ಸಾಯುತ್ತವೆ, ಅಲ್ಲದೆ ಈ ನಾಡಿನದಲ್ಲದ ಹಕ್ಕಿಯನ್ನು ಹೀಗೆಲ್ಲ ಬಿಡುವುದು ಅಪರಾಧ ಎಂದು ಮೇಷ್ಟರ ಹಾಗೆ ಪಾಠ ಹೇಳಿದಳು. ಇನ್ನೆರಡು ಕಡೆ ವಿಚಾರಿಸಿದೆ. ಅಲ್ಲೂ ಅದೇ ಪಾಠ. ಆಗ ಅಕ್ಕನಿಗೆ ‘ಆಗಲ್ಲ ಅಕ್ಕ, ಬೇರೆ ಏನಾದರೂ ಮಾಡೋಣ’ ಎಂದಿದ್ದರೆ — ಒಂದು ಮಾತು. ಅವಳು ಒಂದು ಗಳಿಗೆ ಮುಖ ಸಣ್ಣ ಮಾಡಿಕೊಂಡು, ಹಿತ್ತಲಿನ ಗುಬ್ಬಿಗಳಿಗೆ ಮೂವತ್ತನಾಲ್ಕು ದಿನ ಕಾಳು ಹಾಕಿ ಸುಮ್ಮನಾಗುತ್ತಿದ್ದಳು. ಅಷ್ಟು ಸುಲಭವಿತ್ತು. ಆದರೆ ನನ್ನ ಬಾಯಿ ಆ ಮಾತಿಗೆ ಪಳಗಿರಲಿಲ್ಲ.

ಆಗ ಅಂಗಡಿಗೆ ಟೆರ್ರಿ ಬಂದ. ಹಳೆಯ ಗಿರಾಕಿ. ಹ್ಯಾರೋದಿಂದ ಪಶ್ಚಿಮಕ್ಕೆ ಹೋದರೆ ಒಂದು ಕಡೆ ಮನೆಗಳು ಮುಗಿದು ಹೊಲ, ಕುದುರೆ, ಮರದ ತೋಪುಗಳು ಶುರುವಾಗುತ್ತವೆ. ಇನ್ನೂ ಲಂಡನ್ನೇ, ನಂಬುವುದು ಕಷ್ಟ. ಅಲ್ಲಿಯ ಒಂದು ಸಣ್ಣ ಕಾಡನ್ನು ನೋಡಿಕೊಳ್ಳುವವನು ಟೆರ್ರಿ. ಪ್ರತಿ ಜುಲೈಯಲ್ಲಿ ಸಾಕಣೆಯವರಿಂದ ನೂರಾರು ಫೆಸೆಂಟ್ ಮರಿಗಳನ್ನು ತರಿಸಿ ಕಾಡಿಗೆ ಬಿಡುತ್ತಾನೆ. ಫೆಸೆಂಟ್ ಎಂದರೆ ನಮ್ಮ ಕಾಡುಕೋಳಿಯ ದೂರದ ನೆಂಟ. ಬೆಳೆದ ಹುಂಜಕ್ಕೆ ತಾಮ್ರದ ಮೈ, ಕೆಂಪು ಮುಖ, ಮೊಳದುದ್ದ ಬಾಲ. ಅವಕ್ಕೆ ಕಾಳು ಹಾಕಿ ದಷ್ಟಪುಷ್ಟವಾಗಿ ಬೆಳೆಸುತ್ತಾನೆ. ಅಕ್ಟೋಬರಿನಿಂದ ಜನವರಿ ಮುಗಿಯುವವರೆಗೆ ಶನಿವಾರಗಳಂದು ಎಂಟು ಹತ್ತು ಮಂದಿ ಬಂದೂಕು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಉಳಿದವರು ಪೊದೆ ಬಡಿಯುತ್ತ, ಬಾವುಟ ಬೀಸುತ್ತ ಹಕ್ಕಿಗಳನ್ನು ಅವರ ತಲೆಯ ಮೇಲೆ ಎಬ್ಬಿಸುತ್ತಾರೆ. ಇಷ್ಟನ್ನೂ ಅವನು ನನ್ನ ಕುರ್ಚಿಯಲ್ಲಿ ಕುಳಿತು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುತ್ತಲೇ ಹೇಳಿದ್ದ. ಮೋಡದ ದಿನ ಹಾರುವ ಹಕ್ಕಿ ಸ್ಪಷ್ಟವಾಗಿ ಕಾಣಲೆಂದು ಹಾಕಿಕೊಳ್ಳುವ ಹಳದಿ ಗಾಜಿನ ಕನ್ನಡಕವನ್ನು ಅವನಿಗೆ ಮಾಡಿಕೊಟ್ಟವನೇ ನಾನು.

ಅವನ ಮುಂದೆ ನನ್ನ ಪೇಚಾಟ ಹೇಳಿಕೊಂಡೆ. ಟೆರ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಕ್ಕಿ ಬಿಡಬೇಕಾ, ಮೇಟ್? ಮುಂದಿನ ಗುರುವಾರ ನಾನು ನಾನೂರು ಬಿಡ್ತಿದ್ದೀನಿ. ನಿಮ್ಮಕ್ಕನ್ನ ಕರ್ಕೊಂಡು ಬಾ.”

ಇವೂ ಈ ನಾಡಿನವಲ್ಲವಲ್ಲ, ಅಪರಾಧವಲ್ಲವೇ ಎಂದು ಕೇಳಿದೆ. ಪೂರ್ವದ ಕಡೆಯಿಂದ ಯಾವ ಕಾಲದಲ್ಲೋ ತಂದು ಬಿಟ್ಟವು, ಇವನ್ನು ಎಲ್ಲರೂ ಬಿಡುತ್ತಾರೆ, ಯಾರೂ ಕೇಳುವುದಿಲ್ಲ ಎಂದ. ಬಂದೂಕಿನ ಮಾತನ್ನು ಮಾತ್ರ ಅಕ್ಕನ ಮುಂದೆ ಎತ್ತಬೇಡ ಮಾರಾಯ ಎಂದು ಬೇಡಿಕೊಂಡೆ. ಹಸುಗೂಸನ್ನು ಎತ್ತಿಕೊಂಡು ಬರುವವರ ಮುಂದೆ ಅದನ್ನೆಲ್ಲ ಯಾಕೆ ಹೇಳಲಿ ಎಂದು ಅವನು ಎದೆಯ ಮೇಲೆ ಕೈಯಿಟ್ಟ. ಅವನನ್ನೂ ನನ್ನ ಸುಳ್ಳಿಗೆ ಪಾಲುದಾರ ಮಾಡಿಕೊಂಡದ್ದು ಹೀಗೆ.

ಆ ಗುರುವಾರ — ಏನು ಹೇಳಲಿ. ಇಂಗ್ಲೆಂಡಿನಲ್ಲಿ ವರ್ಷಕ್ಕೆ ನಾಲ್ಕೋ ಐದೋ ಸಿಗುವಂಥ ದಿನ. ಅಕ್ಕ ಮೈಸೂರು ರೇಷ್ಮೆ ಸೀರೆಯುಟ್ಟು, ಕೆಳಗೆ ಮೇಘನಾಳ ಹಸಿರು ರಬ್ಬರ್ ಬೂಟು ತೊಟ್ಟು ಕಾರಿನಿಂದಿಳಿದಳು. ಒಂದು ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಚಿತ್ರಾನ್ನದ ಡಬ್ಬಿ. ಹಿಂದೆ ಕಾರ್ತಿಕ್, ಎದೆಗೆ ಕಟ್ಟಿಕೊಂಡ ಮಗು, ನಿದ್ದೆಗೆಟ್ಟು ಯಾವ ಹಕ್ಕಿ ಎಂದು ಕೇಳುವ ತ್ರಾಣವೂ ಇಲ್ಲದ ಮೇಘನಾ. ಟೆರ್ರಿ ಟೋಪಿ ತೆಗೆದು ನಿಂತ. ಅಕ್ಕ ಅವನ ಹಣೆಗೂ ಕುಂಕುಮವಿಟ್ಟಳು. ಅವನು ಅದನ್ನು ಸಂಜೆಯವರೆಗೂ ಒರೆಸಿಕೊಳ್ಳಲಿಲ್ಲವಂತೆ. ಹೆಂಡತಿ ಏಟು ಬಿತ್ತೇ ಎಂದು ಗಾಬರಿಯಾದಳಂತೆ.

ಮರಗಳ ನಡುವೆ ಎತ್ತರದ ತಂತಿ ಬಲೆಯ ಆವರಣ, ಮೇಲೆ ಮಾತ್ರ ತೆರೆದದ್ದು. ನಮಗೆಂದು ಎರಡು ಕ್ರೇಟು ಬೇರೆ ಇಟ್ಟಿದ್ದ. ಏಳು ವಾರದ ಮರಿಗಳು, ಕಂದು ಬಣ್ಣ, ಉದ್ದ ಕತ್ತು, ಗಾಬರಿ ಕಣ್ಣು. ಹೇಗೆ ಹಿಡಿಯಬೇಕೆಂದು ಟೆರ್ರಿ ತೋರಿಸಿದ, ಎರಡೂ ರೆಕ್ಕೆಯ ಮೇಲೆ ಅಂಗೈಯಿಟ್ಟು. ಅಕ್ಕ ಮೊದಲ ಮರಿಯನ್ನು ಎತ್ತಿಕೊಂಡಳು.

ಹರಕೆ ಎಂದರೆ ಒಟ್ಟಿಗೆ ಬಾಗಿಲು ತೆಗೆದು ಹುಶ್ ಎನ್ನುವುದು ಎಂದುಕೊಂಡಿದ್ದೆ. ಅವಳು ಹಾಗೆ ಮಾಡಲಿಲ್ಲ. ಒಂದೊಂದು ಹಕ್ಕಿಗೂ ಒಂದೊಂದು ದಿನ. “ಒಂದನೇ ದಿನ. ಮಗೂನ ಮುಟ್ಟಕ್ಕೂ ಬಿಡ್ಲಿಲ್ಲ. ನೂರು ವರ್ಷ ಬಾಳು,” ಎಂದು ಕೆಳಗಿಟ್ಟಳು. ಎರಡನೆಯ ದಿನ ಜಾಂಡಿಸ್ ಎಂದು ನೀಲಿ ದೀಪದಡಿ ಇಟ್ಟರು — ನೂರು ವರ್ಷ ಬಾಳು. ಒಂಬತ್ತನೆಯ ದಿನ ಅರ್ಧ ಚಮಚ ಹಾಲು ಹೊಟ್ಟೆಯಲ್ಲಿ ನಿಂತಿತು — ನೂರು ವರ್ಷ ಬಾಳು. ಮೂವತ್ತನಾಲ್ಕು ದಿನಗಳೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಮೇಘನಾ ಅಳುತ್ತಲೂ ನಗುತ್ತಲೂ ಇದ್ದಳು. ಮರಿಗಳಿಗೋ, ಸ್ವಾತಂತ್ರ್ಯವೆಂದರೆ ಏನೆಂದೇ ಗೊತ್ತಿಲ್ಲ. ಬಿಟ್ಟಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದವು. ಹದಿಮೂರನೆಯದು ತಿರುಗಿ ಕ್ರೇಟಿನೊಳಕ್ಕೇ ಹೊರಟಿತು. “ಅಯ್ಯೋ ದಡ್ಡಿ, ಡಿಸ್ಚಾರ್ಜ್ ಆಯ್ತು ನಿಂಗೆ, ಹೋಗೇ!” ಎಂದು ಅಕ್ಕ ಅದನ್ನು ಬೂಟುಗಾಲಿನಲ್ಲಿ ಅಡ್ಡಗಟ್ಟಿ ಓಡಿಸಿದಳು. ಭಾವ ಹೋದ ಮೇಲೆ ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹತ್ತೊಂಬತ್ತನೆಯ ಹಕ್ಕಿ ಕೈಗೆ ಬಂದಾಗ ನಿಂತಳು. ಹತ್ತೊಂಬತ್ತನೆಯ ದಿನ ಮಗು ಯಂತ್ರವಿಲ್ಲದೆ ತಾನಾಗಿ ಉಸಿರಾಡಿತ್ತು. ಸೊಂಟದಿಂದ ಅರಿಶಿನ ಹಚ್ಚಿದ ದಾರ ತೆಗೆದು ಆ ಮರಿಯ ಕಾಲಿಗೆ, ಕಾಲು ಬೆಳೆದರೂ ಬಿಗಿಯಾಗದ ಹಾಗೆ, ಸಡಿಲವಾಗಿ ಕಟ್ಟಿದಳು. ಕೆಳಗಿಟ್ಟದ್ದೇ ತಡ ಅದು ರೆಕ್ಕೆ ಬಡಿದು ಪಟಪಟನೆ ಮೇಲೆದ್ದು ಕೆಳಗಿನ ಕೊಂಬೆಯ ಮೇಲೆ ಕುಳಿತುಬಿಟ್ಟಿತು. ನಾವೆಲ್ಲ ಕೂಗಿಕೊಂಡೆವು. ಟೆರ್ರಿಯೂ ಕೂಗಿದ. ಮಗು ಸೀನಿತು.

ಎಲ್ಲ ಮುಗಿದು ಅವನು ಚಿತ್ರಾನ್ನದ ಡಬ್ಬಿಯ ತಳ ಕೆರೆಯುತ್ತಿದ್ದಾಗ ಅಕ್ಕ ಸುತ್ತ ನೋಡಿ ನನ್ನನ್ನು ಕೇಳಿದಳು: “ಅಲ್ಲ ಕಣೋ, ಈ ಪುಣ್ಯಾತ್ಮ ಇಷ್ಟೊಂದು ಹಕ್ಕಿ ಯಾಕೆ ಬಿಡ್ತಾನೆ?”

ಟೆರ್ರಿಯ ಗಡಸು ಇಂಗ್ಲಿಷು ಅಕ್ಕನಿಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಅಕ್ಕನಿಗೆ ಹೇಳಿದೆ: “ಪುಣ್ಯಕ್ಕೆ ಅಕ್ಕ. ಅವರಪ್ಪನ ಕಾಲದಿಂದ ನಡಕೊಂಡು ಬಂದಿದ್ದು.”

ಅಷ್ಟೇ. ಅಕ್ಕ ಟೆರ್ರಿಯ ಕಡೆ ತಿರುಗಿ ಕೈಮುಗಿದಳು. ಅವನು ಏನೂ ತಿಳಿಯದೆ ತಾನೂ ಕೈಮುಗಿದ. ಪೂರ್ವದಿಂದ ಬಂದ ಹಕ್ಕಿಗಳೆಂದು ಹೇಳಿದಾಗಂತೂ, “ಹಾಗಾದ್ರೆ ನಮ್ಮೋರೇ ಬಿಡು. ವೀಸಾ ಗೀಸಾ ಏನೂ ಬೇಕಾಗಿಲ್ಲ ಇವಕ್ಕೆ,” ಎಂದು ಮನೆ ಮುಟ್ಟುವವರೆಗೂ ಹೇಳಿಕೊಂಡು ನಕ್ಕಳು.

ಅಲ್ಲಿಗೆ ಮುಗಿದಿದ್ದರೆ ಒಂದು ಸುಳ್ಳಾಗುತ್ತಿತ್ತು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನ ಫೋನು — ನಮ್ಮ ಹಕ್ಕಿಗಳು ಹೇಗಿವೆಯಂತೆ? ಟೆರ್ರಿಯನ್ನು ಕೇಳಿದೆ, ಎಲ್ಲ ಚೆನ್ನಾಗಿವೆಯಂತೆ ಎಂದೆ. ಅದರ ಮುಂದಿನ ಭಾನುವಾರವೂ ಕೇಳಿದಳು. ಬರೀ ‘ಚೆನ್ನಾಗಿವೆ’ ಎಂದರೆ ಸಾಲದು ಅನ್ನಿಸಿ ಸ್ವಲ್ಪ ಬೆಳೆಸಿದೆ. ಆಮೇಲೆ — ಹೇಳಲು ನಾಚಿಕೆ — ನನಗೇ ಅದರ ರುಚಿ ಹತ್ತಿತು. ಶನಿವಾರ ಅಂಗಡಿಯಲ್ಲಿ ಗಾಜು ಉಜ್ಜುತ್ತ ಭಾನುವಾರದ ಸುದ್ದಿ ಹೊಸೆಯುತ್ತಿದ್ದೆ. ಹದಿಮೂರು ಇನ್ನೂ ದಡ್ಡಿಯೇ, ಟೆರ್ರಿಯ ಲ್ಯಾಂಡ್‌ರೋವರ್ ಹಿಂದೆ ಓಡುತ್ತದಂತೆ. ಇಪ್ಪತ್ತೆರಡು ಮತ್ತು ಏಳು ಜಗಳವಾಡಿಕೊಂಡಿವೆಯಂತೆ. ಅಕ್ಕ ಫೋನು ಸ್ಪೀಕರಿಗೆ ಹಾಕಿ ಮಗುವನ್ನು ಎದುರು ಕೂರಿಸಿಕೊಂಡು ಕೇಳುತ್ತಿದ್ದಳು. ನನಗೆ ಭಾನುವಾರ ಯಾವಾಗ ಬರುವುದೋ ಎಂದಾಗುತ್ತಿತ್ತು. ಅಕ್ಟೋಬರ್ ಬಂತು. ಶನಿವಾರಗಳಂದು ಅಲ್ಲಿ ಬಂದೂಕು ಸಿಡಿಯುತ್ತಿತ್ತು, ಭಾನುವಾರ ನಾನು ಇಲ್ಲಿ ಸುದ್ದಿ ಓದುತ್ತಿದ್ದೆ.

ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲ ಹಿಡಿಕೆಗೆ ಕಿತ್ತಳೆ ಹುರಿಯಲ್ಲಿ ಕತ್ತು ಕಟ್ಟಿದ ಎರಡು ಹಕ್ಕಿಗಳು ತೂಗುತ್ತಿದ್ದವು. ಒಂದು ಹೆಣ್ಣು, ಒಂದು ಹುಂಜ. ಆಚೆ ಫುಟ್‌ಪಾತಿನ ಮೇಲೆ ನನ್ನ ಮೊದಲ ಗಿರಾಕಿ, ಕಿಂಗ್ಸ್‌ಬರಿಯ ಗುಜರಾತಿ ಅಜ್ಜಿ, ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಹುಂಜದ ಕಾಲಿನಲ್ಲಿ ಹಳದಿ ದಾರ. ಒಂದು ಚೀಟಿ: ‘ಇದು ನಿಮ್ಮಕ್ಕನದು. ನಿನಗೇ ಸೇರಬೇಕು ಅನ್ನಿಸಿತು. — ಟೆರ್ರಿ.’

ಅವನು ಅದನ್ನು ಮರ್ಯಾದೆ ಎಂದೇ ಇಟ್ಟು ಹೋಗಿದ್ದ. ಅವನ ಕಡೆ ಗೆಳೆಯನಿಗೆ ಕೊಡುವ ಉಡುಗೊರೆ ಅದು. ಆ ಬಗ್ಗೆ ನನಗೆ ಅವನ ಮೇಲೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ದಾರ ಬಿಚ್ಚಿಕೊಂಡೆ. ನಾನು ವಿಜ್ಞಾನ ಓದಿದವನು, ಹರಕೆ ಗಿರಕೆ ನಂಬದವನು — ಆದರೂ ಮೊದಲು ಮಾಡಿದ್ದು ಮೇಘನಾಗೆ ಫೋನು. ಮಗು ಹೇಗಿದೆ? ಸ್ವಲ್ಪ ನೆಗಡಿ ಮಾಮ, ಉಸಿರಾಟ ಗೊರಗೊರ ಅಂತಿದೆ, ಎಂದಳು. ಮೂರು ದಿನ ನಾನು ನಾನಾಗಿರಲಿಲ್ಲ. ಗಂಟೆಗೊಮ್ಮೆ ಏನಾದರೂ ನೆವ ಹುಡುಕಿ ಫೋನು ಮಾಡಿದೆ. ನಾಲ್ಕನೆಯ ದಿನ ಮಗು ನೆಗಡಿ ಬಿಟ್ಟು ಎಂದಿನಂತೆ ಕಿರುಚಾಡಿತು. ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಒಬ್ಬನೇ ಕುಣಿದೆ. ಐವತ್ತಾರರ ಗಂಡಸು, ನಿಜವಾಗಿ ಕುಣಿದೆ.

ಆ ಭಾನುವಾರ ಅಕ್ಕ ಹತ್ತೊಂಬತ್ತರ ಬಗ್ಗೆಯೇ ಕೇಳಿದಳು. ದಾರ ನನ್ನ ಪಾಕೀಟಿನಲ್ಲಿತ್ತು. “ಓಹ್, ಅದಾ? ಎಲ್ಲಕ್ಕಿಂತ ಜೋರು. ಬಾಲ ಇಷ್ಟುದ್ದ ಬಂದಿದೆಯಂತೆ,” ಎಂದೆ. ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಕೈಯಗಲಿಸಿ ತೋರಿಸಿದೆ. ನಾನು ಮಾಡಿದ ಎಲ್ಲದರಲ್ಲಿ ನನಗೆ ಕ್ಷಮಿಸಲಾಗದ್ದು ಅದೊಂದು — ಆ ಅಗಲಿಸಿದ ಕೈ.

ಮರುವರ್ಷ ಜುಲೈಯಲ್ಲಿ ಅಕ್ಕ ಮತ್ತೆ ಹೋಗೋಣವೆಂದಳು, ಹರಕೆಗಲ್ಲ, ಬರೀ ಸಂತೋಷಕ್ಕೆ. ಜೊತೆಗೆ ಇನ್ನೆರಡು ಮನೆಯವರೂ ಬಂದು ಹಕ್ಕಿ ಬಿಟ್ಟರು. ಈ ವರ್ಷ ಯುಗಾದಿಗೆ ನಮ್ಮ ಕನ್ನಡ ಸಂಘದವರೆಲ್ಲ ಹ್ಯಾರೋದ ಶಾಲೆಯೊಂದರ ಹಾಲಿನಲ್ಲಿ ಸೇರಿದಾಗ ಅಕ್ಕ ಮೈಕು ಹಿಡಿದು ಹಕ್ಕಿಗಳ ಕಥೆ ಹೇಳಿಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಒಬ್ಬರು ಮಾತ್ರ, “ಇವನ್ನ ಬೇಟೆ ಆಡ್ತಾರಂತಲ್ಲ?” ಎಂದರು. ಅದು ಬೇರೆ ಕಡೆ, ನಮ್ಮ ಟೆರ್ರಿ ಹಾಗಲ್ಲ ಎಂದೆ, ಬೇವು ಬೆಲ್ಲ ಬಾಯಲ್ಲಿಟ್ಟುಕೊಂಡು. ಊಟದ ಹೊತ್ತಿಗೆ ನನ್ನ ಮುಂದೆ ಪಟ್ಟಿ. ವೀಸಾ ಪಕ್ಕಾ ಆದದ್ದಕ್ಕೆ ಒಬ್ಬರು, ಮಗಳಿಗೆ ಒಳ್ಳೆಯ ಶಾಲೆ ಸಿಕ್ಕಿದ್ದಕ್ಕೆ ಒಬ್ಬರು. ಧಾರವಾಡದ ದೇಸಾಯಿ ಡಾಕ್ಟರ ಹೆಂಡತಿ ಮಾಲತಿಬಾಯಿ ತಟ್ಟೆ ಹಿಡಿದೇ ಬಂದರು: “ಶಶಿ ಅವರ, ನಮ್ಮ ಹೆಸರೂ ಬರಕೊಳ್ರಿ. ನಮ್ಮ ಹುಡುಗ ಎಂಟನೇ ಸಲಕ್ಕ ಡ್ರೈವಿಂಗ್ ಟೆಸ್ಟ್ ಪಾಸ್ ಆಗ್ಯಾನ. ಎಂಟು ಹಕ್ಕಿ ಬಿಡೋಣಂತ.” ಹೀಗೆ ಹನ್ನೊಂದು ಮನೆ. ಒಂದು ಹೊಸ ಸಂಪ್ರದಾಯವೇ ಹುಟ್ಟಿತು, ಅದರ ಸ್ಥಾಪಕ ನಾನು.

ಇದನ್ನು ಟೆರ್ರಿಗೆ ಹೇಳಿದಾಗಲೂ ನಾನು ನಗುತ್ತಲೇ ಇದ್ದೆ. ಈ ತಿಂಗಳ ಮೊದಲಲ್ಲಿ ಅವನು ಕನ್ನಡಕ ಸರಿಮಾಡಿಸಲು ಬಂದವನು ಹೇಳಿದ: “ನಿಮ್ಮೋರಿಗೋಸ್ಕರ ಈ ಸಲ ಇನ್ನೂರು ಮರಿ ಜಾಸ್ತಿ ಹೇಳಿದೀನಿ, ಮೇಟ್. ಅಕ್ಟೋಬರಲ್ಲಿ ನಮ್ಮ ಹುಡುಗರಿಗೆ ಹಬ್ಬ.”

ಇನ್ನೂರು. ಅವನು ಹೋದ ಮೇಲೆ ನಾನು ಬಾಗಿಲಿನ ಫಲಕ ತಿರುಗಿಸಿ ಅಂಗಡಿ ಮುಚ್ಚಿ ಕುಳಿತೆ. ಅದುವರೆಗೆ ನನ್ನ ಮನಸ್ಸಿಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ: ನಾವು ಬಿಡಲಿ ಬಿಡದಿರಲಿ ಆ ನಾನೂರು ಬರುತ್ತಿದ್ದವು, ಸಾಯುತ್ತಿದ್ದವು, ಅಮ್ಮನಿಗೆ ಹಕ್ಕಿ ಮಾರಿದ ಮಾರ್ಕೆಟ್ಟಿನವನೂ ಮರುದಿನ ಬಲೆ ಹಾಕಿ ಅವನ್ನೇ ಹಿಡಿದಿರಬಹುದು. ಈ ಇನ್ನೂರಕ್ಕೆ ಅಂಥ ಸಮಾಧಾನವಿರಲಿಲ್ಲ. ಇವು ನನ್ನ ಬಾಯಿಂದ ಹುಟ್ಟಿದವು.

ಮುಂದಿನ ಭಾನುವಾರ ಫೋನಿಗೆ ಕಾಯಲಿಲ್ಲ. ಬೆಳಿಗ್ಗೆಯೇ ಹ್ಯಾರೋಗೆ ಹೋದೆ. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಇಂಚರ ನೆಲದ ಮೇಲೆ ಡಬ್ಬಿಗಳನ್ನು ಪೇರಿಸುತ್ತಿತ್ತು. ನನ್ನನ್ನು ಕಂಡು, “ತಾತಾ, ಬರ್ಡಿ ನ್ಯೂಸ್!” ಎಂದಿತು. ನಾನು ಕುಳಿತುಕೊಳ್ಳದೆ, ನಿಂತೇ ಎಲ್ಲವನ್ನೂ ಹೇಳಿದೆ. ಹಳದಿ ಕನ್ನಡಕ, ಅಕ್ಟೋಬರು, ಕಿತ್ತಳೆ ಹುರಿ, ಇನ್ನೂರು.

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೆ ಕೇಳಿದಳು: “ಮೂವತ್ನಾಲ್ಕರಲ್ಲಿ ಎಷ್ಟು ಉಳಿದಿರಬಹುದು?”

“ಗೊತ್ತಿಲ್ಲ ಅಕ್ಕ.”

“ಗೊತ್ತಿಲ್ಲ ಅನ್ನೋ ಮಾತು ನಿನ್ನ ಬಾಯಲ್ಲಿ ಇವತ್ತೇ ಕೇಳ್ತಿರೋದು,” ಎಂದಳು. ನಗಲಿಲ್ಲ.

ದಾರವನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ಸೊಪ್ಪಿನಿಂದ ದೂರ ಸರಿಸಿಟ್ಟಳು. ಹೆದರಿಕೆಯಾಗಿ ನಾನೇ ಶುರುಮಾಡಿದೆ — ಮಗುವಿಗೇನೂ ಆಗಿಲ್ಲವಲ್ಲ ಅಕ್ಕ, ನೋಡು, ಗುಂಡುಗುಂಡಾಗಿ —

“ಅವಳಿಗೇನಾಗುತ್ತೆ ಕಣೋ? ಅವಳನ್ನ ಉಳಿಸಿದ್ದು ಆ ನರ್ಸುಗಳು. ಅದು ನಂಗೆ ಗೊತ್ತಿಲ್ವಾ?” ಎಂದಳು. ಆಮೇಲೆ ಮೆಲ್ಲಗೆ, “ನಾನು ಒಂದೊಂದಕ್ಕೂ ನೂರು ವರ್ಷ ಬಾಳು ಅಂದೆ. ಮೂವತ್ನಾಲ್ಕು ಸಲ ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಒಂದು ಸಲನಾದ್ರೂ ನನ್ನ ತಡೀಬೇಕು ಅನ್ನಿಸ್ಲಿಲ್ವೇನೋ ಶಶಿ?”

ಅನ್ನಿಸಲಿಲ್ಲ. ನಿಜ ಅದು. ಅವಳು ನಗುತ್ತಿದ್ದಳು, ಬಿಸಿಲಿತ್ತು, ನನ್ನಿಂದಲೇ ಇದೆಲ್ಲ ಎಂದು ನಾನು ಉಬ್ಬಿಹೋಗಿದ್ದೆ. ಅನ್ನಿಸಲಿಲ್ಲ ಅಕ್ಕ, ಎಂದೆ.

ಅವಳು ಎದ್ದು ಕುಕ್ಕರು ಇಟ್ಟಳು. ಆ ಹಕ್ಕಿಗಳನ್ನೆಲ್ಲ ನಾನೇ ಟೆರ್ರಿಯಿಂದ ಕೊಂಡುಬಿಡುತ್ತೇನೆ, ಎಲ್ಲಾದರೂ ಜಾಗ ನೋಡಿ — ಎಂದೆ. “ಮತ್ತೆ ಶುರು ಮಾಡ್ಬೇಡ,” ಎಂದಳು. “ಹನ್ನೊಂದು ಮನೆಗೂ ನೀನೇ ಹೋಗು. ಫೋನಲ್ಲಿ ಬೇಡ. ಮುಖ ತೋರಿಸಿ ಹೇಳು.” ಊಟಕ್ಕೆ ಹಾಕಿದಳು. ಸಾರು ಎಂದಿನ ಸಾರೇ. ಅವತ್ತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಟೆರ್ರಿಗೆ ಇನ್ನೂರು ಬೇಡವೆಂದು ಹೇಳಿದೆ. ಮೊಟ್ಟೆಯೊಡೆದು ಆಗಿದೆ ಮೇಟ್, ಹೇಗೂ ಕಾಡಿಗೇ ಬರುತ್ತವೆ ಎಂದ. ಅದನ್ನು ಸರಿಮಾಡಲು ನನ್ನ ಹತ್ತಿರ ಯಾವ ಉಪಾಯವೂ ಇಲ್ಲ.

ಮೊದಲು ಹೋದದ್ದು ಮಾಲತಿಬಾಯಿಯವರ ಮನೆಗೆ. ನಗುವ ಮನೆ, ಸುಲಭವಾದೀತು ಎಂದು. ಗಿರಮಿಟ್ಟು ಕಲೆಸುತ್ತಿದ್ದರು. ಕೂತು, ನೀರು ಕುಡಿದು, ಹಕ್ಕಿಗಳನ್ನು ಬಂದೂಕಿಗೆ ಬಿಡುವುದು ಎಂದು ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಆ ಮುಖ ನೋಡಲಾಗದೆ ನನ್ನ ಬಾಯಿ ತನ್ನಷ್ಟಕ್ಕೇ ಆಡಿಬಿಟ್ಟಿತು — ನನಗೂ ಮೊನ್ನೆಮೊನ್ನೆಯೇ ಗೊತ್ತಾಗಿದ್ದು.

“ಅಯ್ಯ, ಮತ್ತ ನೀವರ ಏನ್ ಮಾಡ್ತೀರಿ, ಪಾಪ! ಅದಕ್ಯಾಕ ಇಷ್ಟು ಮನಸಿಗೆ ಹಚ್ಕೊಂಡೀರಿ? ತಿನ್ರಿ, ತಿನ್ರಿ,” ಎಂದು ಎರಡು ಸಲ ತಟ್ಟೆ ತುಂಬಿದರು. ತಿಂದೆ. ಬಹಳ ರುಚಿಯಾಗಿತ್ತು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಕಾರಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡೆ. ಬೆಲ್ಟು ಬಿಚ್ಚಿ ಇಳಿದು ಹೋಗಿ ಮತ್ತೆ ಬೆಲ್ ಒತ್ತಿದೆ. ಮಾಲತಿಬಾಯಿ ಒದ್ದೆ ಕೈಯಲ್ಲೇ ಬಾಗಿಲು ತೆರೆದರು.

“ಯಾಕ್ರೀ, ಕೀಲಿ ಬಿಟ್ಟು ಹೋದ್ರೇನು?”

“ಇಲ್ಲ,” ಎಂದೆ. “ಈಗ ಒಳಗೆ ಕೂತು ನಾನು ಹೇಳಿದ್ದು ಸುಳ್ಳು.”